ತಳದ ಫಿಲ್ಟರ್

ಕಾಡಪ್ಪನಿಗೆ ಹೇಸಿಗೆ ಬಾರದ ವಸ್ತು ಈ ಯಲಹಂಕ ಸೀಮೆಯಲ್ಲಿ ಯಾವುದೂ ಇರಲಿಲ್ಲ. ಹೋಟೆಲಿನ ಲೋಟ, ಬಸ್ಸಿನ ಕಂಬಿ, ಪಕ್ಕದ ಮನೆಯವರು ತಂದುಕೊಟ್ಟ ತೀರ್ಥ, ಎಲ್ಲಕ್ಕೂ ಅವನ ಮೂಗು ಸೊಟ್ಟಗಾಗುತ್ತಿತ್ತು. ಇಂಥ ಮಹಾಶಯ ಹೊಟ್ಟೆಪಾಡಿಗೆ ಹಿಡಿದದ್ದು ಎಣ್ಣೆಯ ಕೆಲಸ. ಹುನಗುಂದದ ಕಡೆಯಿಂದ ಬಂದು, ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಹೈಡ್ರಾಲಿಕ್ ಯಂತ್ರಗಳ ಫಿಟ್ಟರ್ ಆಗಿದ್ದ. ನಿವೃತ್ತನಾದ ಮೇಲೆ ಬಾಗಲಗುಂಟೆಯ ಮನೆಯಿಂದ ಸ್ಕೂಟರಿನಲ್ಲಿ ಹೋಗಿ ದೊಡ್ಡ ಗಾಡಿಗಳನ್ನು ರಿಪೇರಿ ಮಾಡುತ್ತಿದ್ದ. ಮೊಣಕೈವರೆಗೆ ರಬ್ಬರ್ ಗ್ಲೌಸು, ಮೂಗಿಗೆ ಕರ್ಚೀಫು.

"ಥೇಟ್ ಆಪರೇಶನ್ ಮಾಡೋ ಡಾಕ್ಟರ್ ಕಂಡಂಗ ಕಾಣ್ತೀರಿ ನೋಡ್ರಿ," ಎಂದು ಹೆಂಡತಿ ಚಂದ್ರವ್ವ ನಗುತ್ತಿದ್ದಳು.

"ಡಾಕ್ಟರಗ ರಕ್ತ ಅಷ್ಟ. ನನಗ ಮಂದೀ ಹೊಲಸೆಲ್ಲಾ ಬರ್ತೈತಿ," ಎನ್ನುತ್ತಿದ್ದ ಇವನು.

ಆ ಹೊಲಸಿನ ದೊಡ್ಡ ಪಾಲು ಬರುತ್ತಿದ್ದದ್ದು ಹುಣಸಮಾರನಹಳ್ಳಿಯ ಚಿಕ್ಕಬೈರಪ್ಪನವರ ಅಂಗಳದಿಂದ. ಜಮೀನಿನಲ್ಲಿ ಲೇಔಟ್ ಎಬ್ಬಿಸಿ ಕುಳವಾದ ಈ ಗೌಡರು, ಬಸ್ಸಿನ ಚಾಸಿಯ ಮೇಲೆ ಒಂದು ಮನೆಯನ್ನೇ ಕಟ್ಟಿಸಿಕೊಂಡಿದ್ದರು. ಒಳಗೆ ಮಂಚ, ಒಲೆ, ಬಚ್ಚಲು, ಎಲ್ಲವೂ. ಆ ಡೀಸೆಲ್ ಗಾಡಿಯ ಸ್ಟೇರಿಂಗು ಹಗುರಾಗಿ ತಿರುಗುವುದೂ ರೇಡಿಯೇಟರಿನ ಫ್ಯಾನು ಸುತ್ತುವುದೂ ಒಂದೇ ಹೈಡ್ರಾಲಿಕ್ ಎಣ್ಣೆಯಿಂದ. ಹಿಂದೆ ಇಂಜಿನ್ನಿನ ಪಕ್ಕ ಅದರ ಟ್ಯಾಂಕು, ಟ್ಯಾಂಕಿನೊಳಗೆ ಎಣ್ಣೆ ಸೋಸುವ ಫಿಲ್ಟರು. ಅದನ್ನು ಕಾಡಪ್ಪ ಈ ಮೊದಲು ಎರಡು ಸಲ ಬದಲಾಯಿಸಿದ್ದ.

ಹೀಗಿರುವಾಗ ಎರಡು ತಿಂಗಳ ಹಿಂದೆ ಸ್ಟೇರಿಂಗು ಬಿಗಿಯತೊಡಗಿತು. ಕಾಡಪ್ಪ ಬಂದು ಟ್ಯಾಂಕಿನ ಮುಚ್ಚಳ ತೆಗೆದ. ಎಣ್ಣೆ ಇದ್ದಿಲಿನಂತೆ ಕಪ್ಪಗಿತ್ತು, ನಾತ ಬೇರೆ. ತಾನು ಹಾಕಿದ ಎಣ್ಣೆ ಒಂದೇ ವರ್ಷಕ್ಕೆ ಹೀಗಾಗಲು ಸಾಧ್ಯವೇ ಇಲ್ಲ ಎಂದು ಅವನಿಗೆ ಖಾತ್ರಿ. ಡ್ರೈವರ್ ನಜೀರ್ ಹತ್ತಿರ ಬಂದು, "ಟ್ಯಾಂಕ್ ತಳ ಒಂದ್ಸಲ ನೋಡಿ ಕಾಡಪ್ಪಣ್ಣ, ಅಲ್ಲೇ ಏನೋ ಇದೆ ಅನ್ಸುತ್ತೆ," ಎಂದ. ಕಾಡಪ್ಪನ ಪಿತ್ತ ನೆತ್ತಿಗೇರಿತು. ಗೌಡರು, ಅವರ ಹೆಂಡತಿ ಸುಬ್ಬಮ್ಮ, ಮಗ ನಿರಂಜನ್, ಮಗಳು ವೇದಾ, ಎಲ್ಲರೂ ನಿಂತಿದ್ದಾಗಲೇ ಹೇಳಿಬಿಟ್ಟ: "ಛಲೋ ಎಣ್ಣಿ ಮಾರಿಕೊಂಡು ಹಳೇದ್ ಸುರುವ್ಯಾನ್ರೀ ಈ ಮಗ. ಥೂ!" ನಜೀರ್ ತನ್ನ ಮಕ್ಕಳ ಮೇಲೆ ಆಣೆ ಮಾಡಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವತ್ತೇ ಕೆಲಸ ಹೋಯಿತು, ಗಾಡಿ ಶೆಡ್ಡು ಸೇರಿತು.

ಈಗ ಗಾಡಿ ಮತ್ತೆ ಬೇಕಾಗಿತ್ತು. ವೇದಾಳ ಮಗುವಿಗೆ ಮುಡಿ ತೆಗೆಸಲು ನಾಳೆ ಬೆಳಿಗ್ಗೆ ಹದಿನಾಲ್ಕು ಜನ ಮಾದಪ್ಪನ ಬೆಟ್ಟಕ್ಕೆ ಹೊರಡುವವರು, ಓಡಿಸುವವನು ನಿರಂಜನ್. ಆ ತಿರುವುಗಳಲ್ಲಿ ಸ್ಟೇರಿಂಗು ಕೈಕೊಟ್ಟರೆ ಮುಗಿದೇ ಹೋಯಿತು.

ಕಾಡಪ್ಪ ಪಂಪಿನ ಪೈಪು ಇಳಿಬಿಟ್ಟು ಎಣ್ಣೆ ಹೀರಿ ತೆಗೆದ. ನಜೀರನ ವಂಶವನ್ನೆಲ್ಲ ಬೈಯುತ್ತ ಫಿಲ್ಟರಿನ ಮೇಲಿನ ಮುಚ್ಚಳ ಬಿಚ್ಚಿದ. ಎರಡೇ ಬೆರಳಲ್ಲಿ ಫಿಲ್ಟರನ್ನು ಎತ್ತಿ, ಮುಖ ಆಚೆ ತಿರುಗಿಸಿ ಬಕೆಟ್ಟಿಗೆ ಬಿಟ್ಟ. ಅಷ್ಟರಲ್ಲಿ ಮುಚ್ಚಳದ ಸ್ಪ್ರಿಂಗು ಜಾರಿ ಟ್ಯಾಂಕಿನೊಳಗೆ ಬಿತ್ತು.

ತಂತಿ ಹಾಕಿ ಕೆದಕಿದ, ಸಿಗಲಿಲ್ಲ. ಆ ದಪ್ಪ ಗ್ಲೌಸಿನಲ್ಲಿ ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. ಬೇರೆ ದಾರಿ ಕಾಣದೆ ಗ್ಲೌಸು ಕಳಚಿ, ಉಸಿರು ಬಿಗಿಹಿಡಿದು, ಬರಿಗೈ ಇಳಿಸಿದ. ಗೊಜ್ಜಿನಂಥ ಗಸಿ ಬೆರಳ ಸಂದಿಗೆಲ್ಲ ಮೆತ್ತಿಕೊಂಡಿತು. ಇನ್ನೂ ಕೆಳಗೆ ಹೋದರೆ ಬೆರಳಿಗೆ ಸಿಕ್ಕಿದ್ದು ಸ್ಪ್ರಿಂಗಲ್ಲ, ದುಂಡನೆಯ ಒಂದು ಅಂಚು. ಎಳೆದ. ಮೇಲಿನದರ ಕೆಳಗೆ ಕೂರಿಸಿದ್ದ ಇನ್ನೊಂದು ಫಿಲ್ಟರು. ಅದರ ಕಾಗದ ಕೊಳೆತು, ಚೂರುಚೂರಾಗಿ ಉದುರುತ್ತಿತ್ತು.

ಕಾಡಪ್ಪ ಅದನ್ನು ಬಟ್ಟೆಯಿಂದ ಒರೆಸಿದ. ಕಾರ್ಖಾನೆಯ ಕಾಲದಿಂದಲೂ ತಾನು ಹಾಕಿದ ಪ್ರತಿ ಫಿಲ್ಟರಿನ ಮೇಲೆ ತಾರೀಖು ಬರೆಯುವುದು ಅವನ ಪದ್ಧತಿ. ಬಕೆಟ್ಟಿನಲ್ಲಿದ್ದ ಮೇಲಿನ ಫಿಲ್ಟರಿನಲ್ಲಿ ಕಳೆದ ವರ್ಷದ ತಾರೀಖಿತ್ತು. ಇದರ ಮೇಲೆ ಏನೂ ಇರಲಿಲ್ಲ. ಗಾಡಿ ಕಟ್ಟಿದ ದಿನದಿಂದ ಏಳು ವರ್ಷ ಅದು ಅಲ್ಲೇ ಕೂತಿತ್ತು. ಎರಡು ಸಲವೂ ಅವನು ಮೇಲಿನದನ್ನಷ್ಟೇ ಎತ್ತಿ, ತಳಕ್ಕೆ ಕೈ ಹಾಕಲು ಹೇಸಿ, ಮುಚ್ಚಳ ಬಿಗಿದಿದ್ದ. ಹೊಸ ಎಣ್ಣೆಯನ್ನು ಕೆಡಿಸಿದ್ದು ಈ ಕೊಳೆತ ಕಾಗದ. ನಜೀರ್ ಕದ್ದಿರಲಿಲ್ಲ.

ಜೀವಮಾನದಲ್ಲಿ ಅಷ್ಟು ಹೊಲಸನ್ನು ಅವನು ಕಂಡಿರಲಿಲ್ಲ. ಕೈಯ ಮೇಲಿನದನ್ನು ಸೋಪು ಹಚ್ಚಿ ಉಜ್ಜಿದ, ತಾನು ನಜೀರನಿಗೆ ಬಳಿದದ್ದನ್ನು ಉಜ್ಜುವುದು ಹೇಗೆಂದು ತೋಚಲಿಲ್ಲ.

ಯಶವಂತಪುರಕ್ಕೆ ಹೋಗಿ ಇನ್ನೊಂದು ಫಿಲ್ಟರ್ ತಂದ. ತಳದಲ್ಲಿದ್ದ ಸ್ಪ್ರಿಂಗನ್ನು ತೆಗೆದು, ಟ್ಯಾಂಕನ್ನೂ ಪೈಪುಗಳನ್ನೂ ತೊಳೆದು, ಎರಡೂ ಹೊಸ ಫಿಲ್ಟರುಗಳನ್ನು ಕೂರಿಸಿ, ಎಣ್ಣೆ ತುಂಬಿದ. ಇಂಜಿನ್ ಹಚ್ಚಿ ಆ ತುದಿಯಿಂದ ಈ ತುದಿಗೆ ತಿರುಗಿಸಿದ. ಸ್ಟೇರಿಂಗು ಒಂದೇ ಬೆರಳಿಗೆ ತಿರುಗಿತು. ಆಮೇಲೆ ಗೌಡರ ಹತ್ತಿರ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದ.

"ಓಗ್ಲಿ ಬಿಡಯ್ಯ," ಎಂದರು ಗೌಡರು ಫೋನಿನಿಂದ ತಲೆ ಎತ್ತದೆ. "ಗಾಡಿ ಸರಿಯಾಯ್ತಲ್ಲ. ಅವ್ನು ಓಗಿ ಎರಡು ತಿಂಗ್ಳಾಯ್ತು, ಇನ್ಯಾಕೆ ಆ ಮಾತು?"

ಆ ಮಾತೂ ಕಾಡಪ್ಪನಿಗೆ ಹೊಲಸೆನಿಸಿತು. ಅಲ್ಲಿಂದ ನೇರ ಆರ್.ಟಿ. ನಗರಕ್ಕೆ ಹೋದ. ನಜೀರ್ ಈಗ ಶಾಲಾ ವ್ಯಾನು ಓಡಿಸುತ್ತಿದ್ದ. ಮಕ್ಕಳನ್ನು ಇಳಿಸಿ ಬಂದು ಮನೆ ಮುಂದೆ ವ್ಯಾನು ತೊಳೆಯುತ್ತಿದ್ದವನು ಎಲ್ಲವನ್ನೂ ಕೇಳಿಸಿಕೊಂಡು, ನಲ್ಲಿ ನಿಲ್ಲಿಸಿದ.

"ನನ್ನನ್ನ ಕಳ್ಳ ಅಂದಿದ್ದು ಇಲ್ಲಿ ಅಲ್ಲ. ಯಾರ ಮುಂದೆ ಅಂದ್ರೋ ಅವರ ಮುಂದೇನೇ ಹೇಳಿ. ನಾನೂ ಬರ್ತೀನಿ."

ಮರುದಿನ ಬೆಳಿಗ್ಗೆ ಆರಕ್ಕೆ ಅಂಗಳದಲ್ಲಿ ಬುತ್ತಿ, ಹಾಸಿಗೆ, ಮಗುವಿನ ತೊಟ್ಟಿಲು ಏರುತ್ತಿದ್ದವು. ನಜೀರ್ ಗೇಟಿನಾಚೆ ವ್ಯಾನು ನಿಲ್ಲಿಸಿ, ಗೇಟಿನ ಬಳಿ ನಿಂತಿದ್ದ. ಕಾಡಪ್ಪ ಗಾಡಿಯ ಬಾಗಿಲಿಗೆ ಅಡ್ಡ ನಿಂತು, ಕೊಳೆತ ಫಿಲ್ಟರನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ನಜೀರ ಎಣ್ಣಿ ಕದ್ದಿಲ್ರೀ. ತಳಕ್ಕ ಕೈ ಹಾಕಾಕ ಹೇಸಿ ನಾನ ಅರ್ಧಾ ಕೆಲಸ ಮಾಡಿದ್ದೆ. ತಪ್ಪು ನಂದು. ಕಳ್ಳ ಅಂದದ್ದೂ ತಪ್ಪು."

ಬುಟ್ಟಿ ಹೊತ್ತಿದ್ದ ಸುಬ್ಬಮ್ಮ ನಿಂತುಬಿಟ್ಟರು. "ಮಕ್ಕಳಾಣೆ ಮಾಡಿದ್ನಲ್ಲಪ್ಪಾ ಅವತ್ತು," ಎಂದರು ಮೆಲ್ಲಗೆ. ಗೌಡರು ಹೆಂಡತಿಯ ಮುಖ ನೋಡಿ ಜೇಬಿನಿಂದ ಕೀ ತೆಗೆದರು. "ನಜೀರಾ, ಬಾರೋ, ನೀನೇ ಓಡ್ಸು."

"ಬೇಡ ಗೌಡ್ರೇ. ಸ್ಕೂಲ್ ಮಕ್ಕಳು ಕಾಯ್ತಿರ್ತಾರೆ."

ಕಾಡಪ್ಪ ಗೇಟಿನವರೆಗೂ ಅವನ ಹಿಂದೆ ಹೋದ. ಕೈ ಚಾಚಿದ. ನಜೀರ್ ಆ ಕೈಯನ್ನು ನೋಡಿದ. ಅವನ ಮೂಗಿನ ತುದಿ ಒಂದಿಷ್ಟು ಸೊಟ್ಟಗಾಯಿತು. ತನ್ನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮುಟ್ಟದೆ, ವ್ಯಾನು ಹತ್ತಿ ಹೋದ.