ಮಾಮಾನ ಗಿಟಾರಿನ ಹೊಟ್ಟೆಯೊಳಗೆ

ಬೆಳಕು ಹರಿಯುವುದಕ್ಕೆ ಮುಂಚೆ ಬದಾಪ್ಲಿನ್ ಎದ್ದು ನಲ್ಲಿಯ ಕೆಳಗೆ ಬಕೆಟ್ಟಿಟ್ಟು ಕಾಯಬೇಕು. ನೀರು ಬಂದರೆ ಡ್ರಮ್ಮು ತುಂಬಿಸಬೇಕು, ಬಾರದಿದ್ದರೆ ಕೆಳಗಿನ ಒರತೆಗೆ ಇಳಿದು, ಕೊಡ ಹೊತ್ತು ಮೆಟ್ಟಿಲು ಹತ್ತಬೇಕು. ಇದ್ದಿಲ ಒಲೆಯನ್ನು ಅಂಗಳದಲ್ಲಿ ಹೊತ್ತಿಸಿ, ಹೊಗೆ ಕಳೆದ ಮೇಲೆ ಒಳಗೆ ತರಬೇಕು. ಹಂದಿಮಾಂಸ ತೊಳೆದು ಹೆಚ್ಚಿ ಜಾದೋ ಅನ್ನಕ್ಕೆ ಇಡಬೇಕು. ಒಣಮೀನು ಸುಟ್ಟು ಚಟ್ನಿ ಅರೆಯಬೇಕು, ಅಕ್ಕಿಹಿಟ್ಟು ಕಲೆಸಿ ಪುಥಾರೊ ರೊಟ್ಟಿ ಹುಯ್ಯಬೇಕು. ಅಡಿಕೆ ಕತ್ತರಿಸಿ, ಎಲೆಗೆ ಸುಣ್ಣ ಸವರಿ, ಬಂದವರಿಗೆಲ್ಲ ಕೊಡುವ ಕ್ವಾಯ್ ತಟ್ಟೆ ತುಂಬಿಡಬೇಕು. ನಿನ್ನೆ ಅಣ್ಣ ಕಿಟಕಿಯಲ್ಲೊಂದು, ಕುರ್ಚಿಯ ಕೆಳಗೊಂದು ಬಿಟ್ಟುಹೋದ ಲೋಟಗಳನ್ನು ಹುಡುಕಿ ತೊಳೆಯಬೇಕು. ಆಮೇಲೆ ಮುಂದಿನ ಕೋಣೆಯ ಬೆಂಚು ಒರೆಸಿ, ಬಾಗಿಲು ತೆರೆದು, ಚಹಾದಂಗಡಿ ಶುರು ಮಾಡಬೇಕು.

ಇದಿಷ್ಟೂ ಮುಗಿದು ಮೊದಲ ಗಿರಾಕಿ ಬರುವವರೆಗೆ ಸಿಕ್ಕ ಚೂರು ಹೊತ್ತಿನಲ್ಲಿ ಅವಳು ಮಾಮಾನ ಗಿಟಾರನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದಳು. ಅದು ವಿದ್ಯುತ್ ಗಿಟಾರು, ಆದರೆ ಅರ್ಧ ಟೊಳ್ಳು. ನಡುವೆ ಗಟ್ಟಿ ಮರ, ಎರಡೂ ಪಕ್ಕೆಯಲ್ಲಿ ಖಾಲಿ ಹೊಟ್ಟೆ, ಅದರ ಮೇಲೆ ಸೊಟ್ಟಗೆ ಕೊರೆದ ಎರಡು ಸೀಳು. ಸ್ಪೀಕರಿಗೆ ಜೋಡಿಸದಿದ್ದರೂ ನುಡಿಸುವವರ ಕಿವಿಗೆ ಮಾತ್ರ ಕೇಳುವಷ್ಟು ನುಡಿಯುತ್ತದೆ. ಆ ಮನೆಯಲ್ಲಿ ಬದಾಪ್ಲಿನ್ನಳಿಗೆ ಮಾತ್ರ ಕೇಳಲೆಂದು ಹೊರಡುತ್ತಿದ್ದ ಶಬ್ದ ಅದೊಂದೇ. ಉಳಿದ ಶಬ್ದಗಳೆಲ್ಲ "ಬದಾ, ಚಹಾ" ಎಂದೇ ಶುರುವಾಗುತ್ತಿದ್ದವು.

ಶಿಲ್ಲಾಂಗಿನ ಜೈಆವ್ ಓಣಿಯಲ್ಲಿ ಅವಳದು ಹಳೆಯ ತಾಯಿಮನೆ. ಅವಳು ಕಿರಿಯ ಮಗಳು, ಖಾತ್‌ದುಹ್. ಮನೆ ಅವಳದು, ಮನೆಯ ಪಾತ್ರೆ ಪಗಡೆ ಅವಳದು, ಸತ್ತವರ ಫೋಟೋಗಳು ಅವಳದು, ಬದುಕಿರುವವರ ಹೊಟ್ಟೆಯೂ ಅವಳದು. ಗಂಡ ಬಂದಷ್ಟೇ ಸಲೀಸಾಗಿ ತನ್ನ ತಾಯಿಮನೆಗೆ ಹೊರಟುಹೋದ. ತಾಯಿ ಆರು ವರ್ಷ ಹಾಸಿಗೆ ಹಿಡಿದು ತೀರಿಕೊಂಡಳು; ಆ ಹಾಸಿಗೆಯೂ ಬದಾಪ್ಲಿನ್ನಳ ಪಾಲಿಗೇ ಬಂದಿತ್ತು. ಇಂಥ ಆಸ್ತಿಯ ಬಗ್ಗೆ ಕೇಳಲು ದೂರದಿಂದ ಜನ ಬರುತ್ತಾರೆ. ಒಮ್ಮೆ ದೆಹಲಿಯಿಂದ ಒಬ್ಬ ಪತ್ರಕರ್ತೆ ಬಂದಿದ್ದಳು.

"ಇಲ್ಲಿ ಹೆಂಗಸರದ್ದೇ ರಾಜ್ಯವಂತೆ, ಹೌದಾ?" ಎಂದು ಕೇಳಿದಳು.

ಉತ್ತರ ಕೊಟ್ಟವನು ಅಣ್ಣ ಡೊನ್‌ಬೊಕ್. "ಹೌದು ಹೌದು, ಎಲ್ಲಾ ನಮ್ಮ ತಂಗೀದೇ. ನಾವು ಗಂಡಸರು ಇಲ್ಲಿ ಬರೀ ನೆಂಟರು ಕಣಮ್ಮ. ಬದಾ, ಇವ್ರಿಗೆ ಇನ್ನೊಂದು ಚಹಾ. ಹಾಗೇ ನನಗೂ."

ಪತ್ರಕರ್ತೆ ಅದನ್ನು ಬರೆದುಕೊಂಡಳು. ಆ ರಾಜ್ಯದ ರಾಣಿ ಒಲೆ ಊದುತ್ತಿದ್ದಳು.

ಓಣಿಗೆಲ್ಲ ಬಾಹ್ ಡೊನ್, ಎಂದರೆ ಡೊನ್ನಣ್ಣ, ಎನಿಸಿಕೊಂಡ ಈತ ಪದ್ಧತಿಯಂತೆ ಮಾವ್ಲಾಯಿಯಲ್ಲಿ ಹೆಂಡತಿಯ ಮನೆಯಲ್ಲಿರುತ್ತಾನೆ. ಇರುತ್ತಾನೆ ಎಂದರೆ ಮಲಗುತ್ತಾನೆ. ಉಣ್ಣುವುದು, ಹರಟುವುದು, ಕುಲದ ಹಿರಿಯನೆಂದು ಗದರುವುದು ಎಲ್ಲ ತಂಗಿಯ ಮನೆಯಲ್ಲಿ. ತಾಯಿಯ ಒಡಹುಟ್ಟಿದ ಮಾಮಾ ವಿಲ್ಬರ್ಟ್ ತೀರಿಕೊಂಡಾಗ ಮಾಮಾನ ಹೆಂಡತಿ, ಮಕ್ಕಳು ಗಿಟಾರು ತಮಗಿರಲಿ ಎಂದು ಅತ್ತಿದ್ದರು. ಡೊನ್‌ಬೊಕ್ ಕುಲದ ಇಬ್ಬರು ಗಂಡಸರನ್ನು ಕರೆದುಕೊಂಡು ಹೋಗಿ, ಶೋಕದ ಮನೆಯಲ್ಲಿ ಎದ್ದು ನಿಂತು ಹೇಳಿದ್ದ: "ಮಾಮಾ ಮದುವೆಗೆ ಮುಂಚೆ ದುಡಿದು ತಗೊಂಡ ವಸ್ತು ಇದು. ತಾಯಿಮನೆ ವಸ್ತು ತಾಯಿಮನೆಗೇ ಸೇರಬೇಕು. ಇದು ಖಾತ್‌ದುಹ್ ಕೈಯಲ್ಲಿರ್ಬೇಕು. ಬೇರೆಯವ್ರು ಮುಟ್ಟೋ ಹಾಗಿಲ್ಲ."

ಅಂದು ಎಲ್ಲರೂ ತಲೆಯಾಡಿಸಿದರು. ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಬರುವಾಗ ತಾನೇನು ಹೇಳಿದೆನೆಂದು ಡೊನ್‌ಬೊಕ್‌ಗೆ ಹೊಳೆದಿರಲಿಲ್ಲ. ಅದನ್ನು ಅವನ ಹೆಂಡತಿ ಹೊಳೆಯಿಸಿದಳು. "ತಗೊಂಬಾ, ಇಲ್ಲಿಗೇ ತಗೊಂಬಾ. ನನ್ನ ಮನೆ ಹೊಸ್ತಿಲು ದಾಟಿದ್ಮೇಲೆ ನನ್ನ ಮಗಳದಾಗುತ್ತೆ ನೋಡು," ಎಂದು ನಕ್ಕಳು. ಅವನು ಒಳಗೆ ತರಲಿಲ್ಲ. ಅಂದಿನಿಂದ ಗಿಟಾರು ತಂಗಿಯ ಮನೆಯಲ್ಲೇ ಉಳಿಯಿತು, ಅದರ ಜೊತೆಗೆ ಅವನೂ.

ಈ ವರ್ಷ ಚರ್ಚಿನ ಮಹಿಳಾ ಸಂಘದ ಕಾಂಗ್ ಥ್ರೀನಾ, ಎಂದರೆ ಥ್ರೀನಕ್ಕ, ಅಂಗಡಿಗೆ ಬಂದು ಕ್ವಾಯ್ ಬಾಯಿಗೆ ಹಾಕಿಕೊಂಡು ಹೇಳಿದಳು: "ಬದಾ, ಹೆಂಗಸರ ಭಾನುವಾರಕ್ಕೆ ನೀನು ನುಡಿಸ್ಬೇಕು. ಬೆಳಿಗ್ಗೆ ನೀರಿಗೆ ಹೋಗ್ವಾಗ ನಿನ್ನ ಕಿಟಕಿ ಹತ್ರ ನಿಂತು ಕೇಳಿದೀನಿ. ಇಲ್ಲ ಅನ್ಬೇಡ."

ವರ್ಷದ ಭಾನುವಾರಗಳನ್ನೆಲ್ಲ ಗಂಡಸರು ಇಟ್ಟುಕೊಂಡು ಒಂದನ್ನು ಹೆಂಗಸರಿಗೆ ಕೊಟ್ಟಿದ್ದಾರೆ. ಅವತ್ತು ಹಾಡುವವರು ಹೆಂಗಸರು, ನುಡಿಸುವವನು ಮಾತ್ರ ಯುವಕ ಸಂಘದ ಯಾವನಾದರೂ. ಬದಾಪ್ಲಿನ್ ಲೋಟ ತೊಳೆಯತೊಡಗಿದಳು. ಅವಳ ಕಿವಿ ಕೆಂಪಾಯಿತು.

"ಶನಿವಾರ ಮಧ್ಯಾಹ್ನ ಕೊನೇ ಅಭ್ಯಾಸ," ಎಂದಳು ಥ್ರೀನಾ. "ಗಿಟಾರು ಹಿಡ್ಕೊಂಡು ಬಂದ್ರೆ ನೀನು. ಬರ್ಲಿಲ್ಲ ಅಂದ್ರೆ ಮತ್ತೆ ಆ ಹುಡುಗರನ್ನೇ ಕರೀತೀನಿ, ಆಮೇಲೆ ಇಡೀ ವರ್ಷ ನನ್ನ ಮುಂದೆ ಕಣ್ಣೀರು ಹಾಕ್ಬಾರ್ದು."

ಬದಾಪ್ಲಿನ್ ಅಣ್ಣನಿಗೆ ಹೇಳಿದಳು. ಅವನು ಸೂಪಿನ ಮೂಳೆ ಚೀಪುತ್ತ ಹೂಂಗುಟ್ಟಿದ. ಅವನ ಹೂಂಗೆ ಎಷ್ಟು ಬೆಲೆಯೆಂದು ಅವಳಿಗೆ ಗೊತ್ತಿತ್ತು. ಆದರೂ ನಂಬಿದಳು.

ಶುಕ್ರವಾರ ಅಂಗಡಿಯ ಗದ್ದಲ ಇಳಿದ ಹೊತ್ತಿಗೆ ಅವನು ಗೆಳೆಯ ತೇಯ್‌ಬೊರ್‌ನನ್ನು ಕರೆದುಕೊಂಡು ಬಂದ. ಶನಿವಾರ ಸಂಜೆ ಪೊಲೀಸ್ ಬಜಾರಿನ ಕೆಫೆಯೊಂದರಲ್ಲಿ ಅವರ ಬ್ಲೂಸ್ ಕಾರ್ಯಕ್ರಮ, ಅಣ್ಣ ನುಡಿಸುವುದು ಮಾಮಾನ ಗಿಟಾರನ್ನೇ. ತೇಯ್‌ಬೊರ್ ಒಂದು ಪುಟ್ಟ ಡಬ್ಬಿಯನ್ನು, ಚರ್ಚಿನಲ್ಲಿ ರೊಟ್ಟಿಯ ತಟ್ಟೆ ಹಿಡಿಯುವವನ ಹಾಗೆ, ಎರಡೂ ಕೈಯಲ್ಲಿ ಹಿಡಿದಿದ್ದ. ಒಳಗೆ ಅಮೆರಿಕದಿಂದ ತರಿಸಿದ ಎರಡು ಪಿಕಪ್. ತಂತಿಯ ಅದುರನ್ನು ಹಿಡಿದು ಸ್ಪೀಕರಿಗೆ ದಾಟಿಸುವ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಹೊಳೆಯುವ ತುಂಡುಗಳು.

"ಹಳೇದಕ್ಕೆ ವಯಸ್ಸಾಯ್ತು ಬಾಹ್ ಡೊನ್," ಎಂದ ತೇಯ್‌ಬೊರ್. "ಆಯಸ್ಕಾಂತ ಸೋತುಹೋಗಿದೆ. ಶಬ್ದ ಕೇಳಿದ್ರೆ ಕಂಬಳಿ ಹೊದ್ಕೊಂಡು ಮಾತಾಡಿದ ಹಾಗಿದೆ."

"ಈ ಚಳೀಲಿ ಕಂಬಳಿ ಹೊದ್ರೆ ತಪ್ಪಾ?" ಎಂದಳು ಬದಾಪ್ಲಿನ್.

"ಕಾಂಗ್ ಬದಾ, ಇದು ಟೋನಿನ ವಿಷ್ಯ. ಟೋನು ಎಲ್ರಿಗೂ ಕೇಳ್ಸಲ್ಲ."

ಟೋನು ಎನ್ನುವಾಗ ಇಬ್ಬರೂ ಕಣ್ಣು ಅರ್ಧ ಮುಚ್ಚುತ್ತಾರೆ. ಒಲೆಯ ಮೇಲೆ ಹಾಲು ಉಕ್ಕಿದರೂ ಈ ಕಿವಿಗಳಿಗೆ ಕೇಳುವುದಿಲ್ಲ.

"ಬಾಹ್, ನಾಳೆ ಮಧ್ಯಾಹ್ನ ನನಗೆ ಗಿಟಾರು ಬೇಕಂತ ಹೇಳಿದ್ನಲ್ಲ."

"ಹೆಂಗಸರ ಹಾಡಿಗೆ ಯಾವ ಗಿಟಾರಾದ್ರೇನು? ಥ್ರೀನಾ ಗಂಟಲಿನ ಮುಂದೆ ಫಿರಂಗಿ ಇಟ್ರೂ ಕೇಳ್ಸಲ್ಲ. ಆ ಹುಡುಗರತ್ರ ಡಬ್ಬಾ ಗಿಟಾರು ಇದ್ಯಲ್ಲ, ಅದನ್ನ ತಗೋ. ಈಗ ಒಂದು ಸ್ಕ್ರೂಡ್ರೈವರ್ ಕೊಡು, ಕತ್ತರಿ ಕೊಡು. ಪುಥಾರೊ ಉಳಿದಿದ್ಯಾ?"

ಬೇರೆ ಗಿಟಾರುಗಳ ಬೆನ್ನಿಗೆ ಒಂದು ಮುಚ್ಚಳವಿರುತ್ತದೆ, ತಿರುಗಿಸಿದರೆ ಒಳಗಿನ ವೈರೆಲ್ಲ ಕೈಗೆ ಸಿಗುತ್ತದೆ. ಈ ಅರ್ಧ ಟೊಳ್ಳಿನದಕ್ಕೆ ಮುಚ್ಚಳವಿಲ್ಲ. ದನಿ ಏರಿಸಿ ಇಳಿಸುವ ಗುಂಡಿ, ವೈರು, ಸ್ವಿಚ್ಚಿನ ಗೊಂಚಲನ್ನು ಮುಂದಿನ ಸೀಳಿನಿಂದಲೇ ಹೊರಗೆ ಎಳೆಯಬೇಕು. ಎಳೆಯುವ ಮುಂಚೆ ಒಂದೊಂದು ಗುಂಡಿಯ ಕಡ್ಡಿಗೂ ದಾರ ಕಟ್ಟಬೇಕು. ಆಗ ದಾರದ ಇನ್ನೊಂದು ತುದಿ ಮೇಲಿನ ತೂತಿನಲ್ಲಿ ಉಳಿಯುತ್ತದೆ, ಮತ್ತೆ ಅದೇ ದಾರ ಹಿಡಿದು ಎಳೆದರೆ ಗುಂಡಿ ಬಂದು ತನ್ನ ಜಾಗದಲ್ಲಿ ಕೂರುತ್ತದೆ. ಮಾಮಾ ವಿಲ್ಬರ್ಟ್ ಮೀನಿನ ಗಾಳದ ದಾರ ಕಟ್ಟಿ ಹೀಗೆ ಮಾಡುತ್ತಿದ್ದ, ಅಣ್ಣ ತಂಗಿ ಇಬ್ಬರನ್ನೂ ಕೂರಿಸಿಕೊಂಡೇ ಮಾಡುತ್ತಿದ್ದ. ಆದರೆ ಫುಟ್‌ಬಾಲ್ ಸದ್ದು ಕೇಳಿದ ಕೂಡಲೇ ಡೊನ್‌ಬೊಕ್ ಎದ್ದು ಓಡುತ್ತಿದ್ದ. ಮುಂದೆ ಮಾಮಾನ ಕೈ ನಡುಗತೊಡಗಿದ ಮೇಲೆ ಬೆಸುಗೆ ಕಡ್ಡಿಯನ್ನೂ ಬದಾಪ್ಲಿನ್ನಳೇ ಹಿಡಿದಳು. ಮನೆಯಲ್ಲಿ ಯಾರ ಕೈ ಸೋತರೂ ಆ ಕೈಯ ಕೆಲಸ ಅವಳ ಕೈಗೆ ಬರುವುದು ವಾಡಿಕೆ.

ಡೊನ್‌ಬೊಕ್ ತಂತಿಗಳನ್ನು ಕಳಚಿದ, ಗುಂಡಿಗಳ ನಟ್ಟು ಬಿಚ್ಚಿದ, ಎಲ್ಲವನ್ನೂ ಒಳಗೆ ತಳ್ಳಿ, ಸೀಳಿನಿಂದ ಕೋಳಿಯ ಕರುಳು ಎಳೆದ ಹಾಗೆ ಎಳೆದೇಬಿಟ್ಟ. ಬದಾಪ್ಲಿನ್ ಒಳಗಿನಿಂದ ಚಹಾ ತರುವಷ್ಟರಲ್ಲಿ ಅವಳ ಹೊಲಿಗೆಯ ಕತ್ತರಿಯಿಂದ ಹಳೆಯ ಪಿಕಪ್‌ಗಳ ವೈರನ್ನೂ ಕತ್ತರಿಸಿ ಮುಗಿದಿತ್ತು.

"ದಾರ ಕಟ್ಟಿದ್ಯಾ ಬಾಹ್?"

"ಯಾವ ದಾರ?"

ತೇಯ್‌ಬೊರ್ ಗುಂಡಿ ತೂತಿಗೆ ಬರುತ್ತದೆಯೇ ಎಂದು ಗೊಂಚಲನ್ನು ಹಾಗೇ ಸೀಳಿನಿಂದ ಒಳಗೆ ತಳ್ಳಿ, ಮೊಬೈಲಿನ ಬೆಳಕು ಬಿಟ್ಟು ತೂತಿನೊಳಗೆ ನೋಡಿದ. ಬೆರಳು ತೂರಿಸಿದರೆ ಗೆಣ್ಣು ಸಿಕ್ಕಿಕೊಂಡಿತು. ಊಟದ ಚಮಚ, ಛತ್ರಿಯ ಕಡ್ಡಿ, ಬದಾಪ್ಲಿನ್ನಳ ತಲೆಪಿನ್ನು ಎಲ್ಲ ಸರದಿಯಲ್ಲಿ ಹೋಗಿಬಂದವು. ಒಂದು ಗುಂಡಿ ತೂತಿನ ಹತ್ತಿರ ಬಂದು ಇಣುಕಿ, ಮತ್ತೆ ಕತ್ತಲಿಗೆ ಜಾರಿತು.

"ನೀನು ಅಲ್ಲಾಡಿಸಿದೆ," ಎಂದ ಡೊನ್‌ಬೊಕ್.

"ನಾನ್ಯಾಕೆ ಅಲ್ಲಾಡಿಸ್ಲಿ? ನಿನ್ನ ಹೊಟ್ಟೆ ಮೇಜಿಗೆ ತಾಗ್ತಿದೆ."

ಹೀಗೆ ಎರಡು ಸಲ ಚಹಾ, ಉಳಿದ ಪುಥಾರೊ ಪೂರ್ತಿ, ತಟ್ಟೆಯ ಕ್ವಾಯ್ ಎಲ್ಲ ಖರ್ಚಾದವು. ಆಮೇಲೆ ಡೊನ್‌ಬೊಕ್ ಗೊಂಚಲನ್ನು ಮತ್ತೆ ಹೊರಗೆಳೆದಿಟ್ಟು, ಕೈ ಒರೆಸಿಕೊಂಡು ಎದ್ದ. ಒರೆಸಿದ್ದು ತಂಗಿ ಅಂದು ಒಗೆದು ಮಡಚಿಟ್ಟ ಚೌಕಳಿಯ ಹೊದಿಕೆ ಬಟ್ಟೆಗೆ.

"ಬದಾ, ನಿನ್ನ ಕೈ ಸಣ್ಣ. ಹೊಸದನ್ನ ಬೆಸುಗೆ ಹಾಕಿ ಒಳಗೆ ಕೂರಿಸಿಬಿಡು. ಸಣ್ಣ ಕೆಲ್ಸ. ನಾಳೆ ಸಂಜೆಗೆ ಬರ್ತೀನಿ."

"ಮಧ್ಯಾಹ್ನ ನನಗೆ ಅಭ್ಯಾಸ ಇದೆ."

"ಅದಕ್ಕೇ ಹೇಳಿದ್ದು, ಅದಕ್ಕೆ ಮುಂಚೆ ಮುಗಿಸ್ಬಿಡು. ಅಭ್ಯಾಸಕ್ಕೆ ಹೋಗಿ ಹಾಡು, ಯಾರು ಬೇಡ ಅಂದ್ರು? ನಿನಗೆ ಗಂಟಲಿಲ್ವಾ?" ತನ್ನ ಉದಾರತೆಗೆ ತಾನೇ ತೃಪ್ತನಾಗಿ ಅವನು ಮೆಟ್ಟಿಲಿಳಿದ. ಕೆಳಗೆ ತೇಯ್‌ಬೊರ್ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ: "ಪಿಕಪ್ ಹಾಕ್ತಾ ಇದೀವಿ ಮಾರಾಯ. ದೊಡ್ಡ ಕೆಲ್ಸ. ಬೆನ್ನು ಹಿಡ್ಕೊಂಡ್ತು."

ಶನಿವಾರ ಬೆಳಗಿನ ಕೆಲಸಗಳು ಒಂದೂ ಕಡಿಮೆಯಾಗಲಿಲ್ಲ. ಗಿರಾಕಿಗಳು ಉಂಡು ಹೋದ ಮೇಲೆ ಬದಾಪ್ಲಿನ್ ಒಂದು ಬೆಂಚಿನ ಮೇಲೆ ಹಳೆಯ ಟವೆಲು ಹಾಸಿ ಗಿಟಾರನ್ನು ಮಲಗಿಸಿದಳು. ಒಂದು ಪಕ್ಕದಲ್ಲಿ ಹೊಸ ಪಿಕಪ್, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇನ್ನೊಂದು ಪಕ್ಕದಲ್ಲಿ ಹಳೆಯದು, ಮಾಮಾನ ಅಂಗೈ ತಾಗಿ ತಾಗಿ ಬಣ್ಣ ಮಬ್ಬಾಗಿತ್ತು. ಬೆಸುಗೆ ಕಡ್ಡಿ ಕಾಯುತ್ತಿತ್ತು.

ಹೊಸದು ಎಷ್ಟು ಜೋರೆಂದು ತೇಯ್‌ಬೊರ್ ಮೊಬೈಲಿನಲ್ಲಿ ಕೇಳಿಸಿದ್ದ. ಎಲ್ಲರನ್ನೂ ಬದಿಗೆ ಸರಿಸಿ ಮಾತಾಡುವ ಶಬ್ದ ಅದು. ಅಂಥ ದನಿಗಳನ್ನು ಅವಳು ಹುಟ್ಟಿದಾಗಿನಿಂದ ಕೇಳುತ್ತಲೇ ಬಂದಿದ್ದಾಳೆ. ಹಳೆಯದರ ಶಬ್ದದಲ್ಲಿ ಬೇರೆಯವರ ದನಿಗೆ ಜಾಗವಿತ್ತು. ಥ್ರೀನಾಳ ಗಂಟಲಿಗೂ.

ಮೊದಲು ಅವಳು ಹೊಸದನ್ನೇ ಕೈಗೆತ್ತಿಕೊಂಡಳು. ಹೇಳಿದ್ದನ್ನು ಮಾಡಿ ರೂಢಿಯಾದ ಕೈ, ತಾನಾಗಿ ಹೋಯಿತು. ವೈರಿನ ತುದಿಯನ್ನು ಹಲ್ಲಿನಿಂದ ಸುಲಿಯಲು ಬಾಯಿಯ ಹತ್ತಿರ ತಂದಳು. ಹಾಗೇ ನಿಂತಳು. ಶೋಕದ ಮನೆಯಲ್ಲಿ ಎದ್ದು ನಿಂತ ಅಣ್ಣನ ಮಾತು ನೆನಪಾಯಿತು: ಬೇರೆಯವರು ಮುಟ್ಟುವ ಹಾಗಿಲ್ಲ. ಆ ಮಾತಿಗೆ ಮಾಮಾನ ಮಗಳು ಬಾಗಿಲಿಗೆ ಒರಗಿ ಅತ್ತದ್ದೂ ನೆನಪಾಯಿತು. ಅಷ್ಟೊಂದು ಕಣ್ಣೀರು ಹಾಕಿಸಿ ತಂದ ಕಾನೂನು, ಅದನ್ನು ಯಾರಾದರೊಬ್ಬರು ಪಾಲಿಸಬೇಡವೇ?

ಅವಳು ಹೊಸದನ್ನು ಕೆಳಗಿಟ್ಟಳು. ಹಳೆಯ ಪಿಕಪ್‌ಗಳ ತುಂಡಾದ ವೈರನ್ನು ಸುಲಿದು, ಬೆಸುಗೆ ಹಾಕಿದಳು. ಮೇಜಿನ ಖಾನೆಯಿಂದ ಮಾಮಾನ ಗಾಳದ ದಾರ ತೆಗೆದು, ಲಂಗದ ಲಾಡಿ ಒಳಗೆ ಜಾರಿದಾಗ ಮಾಡುವ ಹಾಗೆ ಒಂದೊಂದು ತೂತಿನಿಂದ ಇಳಿಸಿ, ಸೀಳಿನಿಂದ ಕೊಕ್ಕೆಯಲ್ಲಿ ಹಿಡಿದು ಹೊರಗೆ ತಂದು, ಗುಂಡಿಗೆ ಕಟ್ಟಿ ಮೇಲೆಳೆದಳು. ನಡುವೆ ಒಬ್ಬ ಗಿರಾಕಿ ಬಂದು "ಕಾಂಗ್, ಚಹಾ" ಎಂದ. "ಒಲೆ ಆರಿದೆ," ಎಂದಳು. ಒಲೆ ಆರಿರಲಿಲ್ಲ. ಅವನು ಹೋದ ಮೇಲೆ ನೀರು ಚಿಮುಕಿಸಿ ಆರಿಸಿದಳು.

ತಂತಿ ಬಿಗಿದು, ಶ್ರುತಿ ಮಾಡಿ, ಸ್ಪೀಕರಿಗೆ ಒಮ್ಮೆ ಜೋಡಿಸಿ ಮೀಟಿದಳು. ಮಾಮಾ ಕೆಮ್ಮಿ ಮಾತು ಶುರು ಮಾಡುತ್ತಿದ್ದ ಹಾಗೆ ಮೊದಲು ಚೂರು ಗರಗರ, ಆಮೇಲೆ ತುಂಬು ದನಿ.

ಸಂಜೆಗೆ ಅಣ್ಣ ಬರುತ್ತಾನೆ, ಬಾಗಿಲು ತೆರೆದಿರುತ್ತದೆ ಎಂದುಕೊಂಡು. ತಾಯಿಮನೆಗೆ ಬೀಗ ಹಾಕುವುದನ್ನು ಓಣಿಯಲ್ಲಿ ಯಾರೂ ಕಂಡಿಲ್ಲ. ಕುಲದವರು ಯಾವ ಹೊತ್ತಿಗೆ ಬಂದರೂ ಒಲೆ ಬಿಸಿಯಾಗಿರಬೇಕು, ಖಾತ್‌ದುಹ್ ಅದಕ್ಕೇ ಇರುವವಳು. ಬದಾಪ್ಲಿನ್ ಅಕ್ಕಿಯ ಡಬ್ಬದ ಹಿಂದೆ, ತಾಯಿಯ ಪೆಟ್ಟಿಗೆಯಲ್ಲಿ, ಹಳೆಯ ಸೀಮೆಎಣ್ಣೆ ಡಬ್ಬಿಯ ಕೆಳಗೆ ಹುಡುಕಿದಳು. ಕೊನೆಗೆ ತುಕ್ಕು ಹಿಡಿದ ಬೀಗವೊಂದು ಕೀಲಿಯ ಸಮೇತ ಸಿಕ್ಕಿತು. ಅದಕ್ಕೆ ಸಾಸಿವೆ ಎಣ್ಣೆ ಬಿಟ್ಟು ಸಡಿಲಿಸಿದಳು.

ದಿನವೂ ಅಣ್ಣನ ಊಟವನ್ನು ಒಂದು ತಟ್ಟೆಯಲ್ಲಿ ಹಾಕಿ ಇನ್ನೊಂದು ತಟ್ಟೆ ಕವುಚಿ ಇಡುತ್ತಿದ್ದಳು. ಅಂದೂ ತಟ್ಟೆ ತೆಗೆದುಕೊಂಡಳು. ಹೊಸ ಪಿಕಪ್ ಎರಡನ್ನೂ ಅದರಲ್ಲಿಟ್ಟು, ಮೇಲೆ ತಟ್ಟೆ ಕವುಚಿ, ಹೊರಗಿನ ಜಗಲಿಯ ಮೇಲೆ ಬೆಕ್ಕು ಬೀಳಿಸದ ಹಾಗೆ ಕಲ್ಲು ಹೇರಿದಳು. ಬಾಗಿಲು ಎಳೆದು ಬೀಗ ಒತ್ತಿದಳು. ಕೀಲಿಯನ್ನು ಎಲ್ಲಿ ತೂಗುಹಾಕಲಿ ಎಂದು ಕೈ ಬಾಗಿಲ ಪಕ್ಕದ ಮೊಳೆಯನ್ನು ಹುಡುಕಿತು.

ಆಮೇಲೆ ಕೀಲಿಯನ್ನು ಕುಪ್ಪಸದೊಳಗೆ ಹಾಕಿಕೊಂಡು, ಗಿಟಾರಿನ ಚೀಲವನ್ನು ಕೈಯಲ್ಲಿ ಹಿಡಿದು, ಚರ್ಚಿನ ಕಡೆಯ ಮೆಟ್ಟಿಲು ಹತ್ತಿದಳು.