ತಾಮ್ರದ ಚೊಂಬು, ಮಾವನ ಪಂಚೆ

ನನ್ನ ಕಾಯಿಲೆ ಮೊದ್ಲು ಗೊತ್ತಾಗಿದ್ದು ಮಾವನ ಪಂಚೆಗೆ.

ಬಂಗಾರಪೇಟೇಲಿ ಅಕ್ಕನ ಸೀಮಂತ. ಸಾರು ಬಡಿಸ್ತಿದ್ದೆ. ಕೈ ನಡುಗ್ತು. ಎಲೆಗೆ ಬಿದ್ದಿದ್ದು ಒಂದು ಸೌಟು, ಮಾವನ ತೊಡೆಗೆ ಮಿಕ್ಕ ಬಕೆಟ್ಟು. ಒರೆಸೋಕೆ ಬಗ್ಗಿದ್ರೆ ನನ್ನ ಬಾಯಿಂದ ಜೊಲ್ಲು ಜಾರಿ ಅವನ ಪಾಯಸಕ್ಕೇ ಬಿತ್ತು. ಥೂ.

"ಕುಡ್ದು ಬಂದವ್ನೆ ಕಣಕ್ಕ ನಿನ್ ಮಗ!" ಅಂತ ಮಾವ ಅಮ್ಮನ ಮೇಲೆ ಕೂಗಾಡ್ದ.

ದೇವ್ರಾಣೆ ಒಂದು ತೊಟ್ಟೂ ಕುಡ್ದಿರ್ಲಿಲ್ಲ.

ಆಮೇಲೆ ಕಣ್ಣು ಹಳದಿ ಆಯ್ತು. ಚಿನ್ನದ ಗಣಿ ಪಕ್ಕದ ನಮ್ಮ ಉರಿಗಾಂ ಮನೇಲಿ ಅಮ್ಮ ಮನೆಮದ್ದು ಶುರು ಮಾಡಿದ್ಲು. ತಾಮ್ರದ ಚೊಂಬಲ್ಲಿ ಇಟ್ಟ ನೀರು, ಖಾಲಿ ಹೊಟ್ಟೆಗೆ. "ಕುಡಿಲಾ, ಮೈಯೆಲ್ಲ ಕ್ಲೀನಾಯ್ತದೆ." ಲಿವರ್‌ಗೆ ಲಿವರ್ರೇ ಮದ್ದು ಅಂತ ಮೇಕೆ ಲಿವರ್ ಫ್ರೈ ಬೇರೆ. ನಾನು ತಟ್ಟೆ ನೆಕ್ಕಿದ್ದೇ ನೆಕ್ಕಿದ್ದು. ಜೊಲ್ಲು ಜಾಸ್ತಿ ಆಯ್ತು, ಮಾತು ತೊದಲ್ತು, ಶರ್ಟ್ ಗುಂಡಿ ಹಾಕೋಕೂ ಅಮ್ಮನೇ ಬೇಕಾಯ್ತು. ನನ್ನ ಮೈ ಕಂಡ್ರೆ ನನಗೇ ವಾಕರಿಕೆ.

ಬೆಂಗಳೂರಿನ ಡಾಕ್ಟರು ಕಣ್ಣಿಗೆ ಲೈಟ್ ಬಿಟ್ಟು ನೋಡಿದ್ರು. ಕರಿಗುಡ್ಡೆ ಸುತ್ತ ಕಂದು ಉಂಗುರ. ಇಡೀ ದಿನದ ಉಚ್ಚೆ ಕ್ಯಾನಲ್ಲಿ ಹಿಡಿದು ತನ್ನಿ ಅಂದ್ರು. ಹಿಡಿದು ಟ್ರೈನ್ ಹತ್ತಿದೆ. ತೊಡೆ ಮೇಲೆ ಕ್ಯಾನು, ಪಕ್ಕದಲ್ಲಿ ಮಾವ. ನಡುಕಕ್ಕೆ ಮುಚ್ಚಳ ಕಳಚ್ತು.

ಮತ್ತೆ ಅದೇ ಪಂಚೆ.

ಇನ್ನೊಂದು ದಿನ ಹಿಡಿಯೋ ಹಂಗಾಯ್ತು. ರಿಪೋರ್ಟ್ ಬಂತು.

ವಿಲ್ಸನ್ಸ್ ಡಿಸೀಸ್.

"ತಾಮ್ರ ಎಲ್ರಿಗೂ ಚೂರು ಬೇಕು," ಅಂದ್ರು ಡಾಕ್ಟರು. "ಜಾಸ್ತಿ ಆಗಿದ್ದನ್ನ ಲಿವರ್ ಸೆಲ್ ಒಳಗಿರೋ ಪಂಪು ಪಿತ್ತಕ್ಕೆ ತಳ್ಳತ್ತೆ, ಮಲದಲ್ಲಿ ಹೋಗತ್ತೆ. ಇವನಿಗೆ ಹುಟ್ಟಿದಾಗಿಂದ ಆ ಪಂಪೇ ಕೆಟ್ಟಿದೆ. ತಾಮ್ರ ಲಿವರ್ ತುಂಬಿ ಮೆದುಳಿಗೂ ಹೋಗಿದೆ. ಹಿಂಗೇ ಬಿಟ್ಟಿದ್ರೆ ಉಳೀತಿರ್ಲಿಲ್ಲ."

"ಗಣಿ ಮುಚ್ಚಿ ಪಂಪು ನಿಲ್ಸಿದ್ಮೇಲೆ ಒಳಗೆಲ್ಲ ನೀರು ತುಂಬ್ಕಂತಲ್ಲ, ಅಂಗೇ ತಾನೆ?" ಅಂದ್ಲು ಅಮ್ಮ. ಆಮೇಲೆ ಮುಖ ಸಣ್ಣಗಾಯ್ತು. "ಅಯ್ಯೋ, ತಾಮ್ರದ ಚೊಂಬು... ಮೇಕೆ ಲಿವರ್ರು..."

"ಲಿವರಲ್ಲಿ ತಾಮ್ರ ಇನ್ನೂ ಜಾಸ್ತಿ ಇರತ್ತಮ್ಮ," ಅಂದ್ರು ಡಾಕ್ಟರು.

ಅಮ್ಮ ಸೆರಗು ಬಾಯಿಗಿಟ್ಕೊಂಡ್ಲು.

ಈಗ ಜೀವ ಇರೋವರೆಗೂ ಮಾತ್ರೆ. ಡಬ್ಬಿ ತೆಗೆದ್ರೆ ಕೊಳೆತ ಮೊಟ್ಟೆ ವಾಸನೆ. ಮೂಗು ಮುಚ್ಚಿ ನುಂಗ್ತೀನಿ. ತಾಮ್ರ ಉಚ್ಚೇಲಿ ಹೋಗ್ತಿದೆಯಂತೆ. ಊರೆಲ್ಲ ಚಿನ್ನ ತೆಗೆದ ಜಾಗದಲ್ಲಿ ನಾನು ಬಚ್ಚಲಲ್ಲಿ ತಾಮ್ರ ತೆಗೀತಿದೀನಿ.

ಮೊನ್ನೆ ಮಾವ ಮನೆಗೆ ಬಂದ. ಅವನಿಗೆ ಕೊಡು ಅಂತ ಅಮ್ಮ ಸ್ಟೀಲ್ ಲೋಟದ ತುಂಬ ನೀರು ನನ್ನ ಕೈಗೇ ಕೊಟ್ಲು. ಇಷ್ಟು ದಿನ ಅರ್ಧಾನೇ ತುಂಬಿಸ್ತಿದ್ಲು. ಮಾವ ಪಂಚೆ ಎತ್ತಿ ಕಾಲು ಮೇಲಿಟ್ಕೊಂಡ.

"ನೀರೇ ಮಾವ, ಉಚ್ಚೆ ಅಲ್ಲ."

"ನಿನ್ನ ನಂಬಾಕಾಗಲ್ಲ ಕಣ್ಲಾ."

ಅಮ್ಮನ ಕಣ್ಣು ಲೋಟದ ಮೇಲೇ. ಒಂಚೂರು ತುಳುಕ್ತು, ನನ್ನ ಕೈ ಮೇಲೆ. ಮಾವ ಮೂಸಿ ನೋಡಿ ಕುಡ್ದ.

ಪಂಚೆ ಒಣಗೇ ಇತ್ತು.