ಅದ ಬಂತಾ?

ನಮ್ಮತ್ತೆ ಮುನಿಲಕ್ಷ್ಮಮ್ಮ ಏನನ್ನೂ ಮೂಸಿ ನೋಡದೆ ನಂಬುತ್ತಿರಲಿಲ್ಲ. ಅಂಗಡಿಯಿಂದ ಬಂದ ಬೇಳೆ, ಹೊಸ ಸೀರೆ, ಮಕ್ಕಳ ಸ್ಕೂಲ್ ಬ್ಯಾಗು, ಎಲ್ಲವೂ ಮೊದಲು ಅವರ ಮೂಗಿನ ಮುಂದೆ ಹಾಜರಾಗಬೇಕು. ಬಾಡಿಗೆಗೆ ರೂಮು ಕೇಳಿಕೊಂಡು ಯಾರಾದರೂ ಬಂದರೆ ಗೇಟಿನ ಹತ್ತಿರವೇ ನಿಲ್ಲಿಸಿ, ಊರು ಕೇರಿ ವಿಚಾರಿಸುತ್ತಾ ಮೆಲ್ಲಗೆ ಉಸಿರೆಳೆದುಕೊಳ್ಳುತ್ತಿದ್ದರು. ಆಮೇಲೆ ಒಳಗೆ ಬಂದು ತೀರ್ಪು ಕೊಡುತ್ತಿದ್ದರು: "ಕುಡಿಯೋನಲ್ಲ. ಆದ್ರೆ ಬಟ್ಟೆ ಒಗೆಯೋನೂ ಅಲ್ಲ." ಆಫೀಸಿನಲ್ಲಿ ಪರಿಚಯವಾಗಿ ನನ್ನನ್ನು ಮೆಚ್ಚಿಕೊಂಡಿದ್ದ ಅವರ ಮಗ ಮಂಜುನಾಥ ಮೊದಲ ಸಲ ಮನೆಗೆ ಕರೆದುಕೊಂಡು ಹೋದಾಗ, ತಲೆ ನೇವರಿಸುವ ನೆಪದಲ್ಲಿ ನನ್ನನ್ನೂ ಮೂಸಿದರು. "ಇದ್ಯಾವ್ದೋ ಬೇರೆ ಎಣ್ಣೆ ಮಗಾ, ಆದ್ರೆ ಒಳ್ಳೆ ಎಣ್ಣೆ" ಎಂದರು. ನಾನು ಕಲಬುರಗಿಯವಳು, ಕುಸುಬಿ ಎಣ್ಣೆಯಲ್ಲಿ ಬೆಳೆದವಳು. ನಮ್ಮ ಮದುವೆಗೆ ಒಪ್ಪಿಗೆ ಸಿಕ್ಕಿದ್ದು ಹಾಗೆ.

ಹೆಬ್ಬಗೋಡಿಯಲ್ಲಿ ಹೊಸೂರು ರಸ್ತೆಯಿಂದ ಒಳಕ್ಕೆ ಎರಡು ತಿರುವು ತೆಗೆದುಕೊಂಡರೆ ನಮ್ಮ ಮನೆ. ಮಾವ ಬದುಕಿದ್ದಾಗ ಅಲ್ಲಿ ಹೊಲವಿತ್ತಂತೆ. ಈಗ ಕೆಳಗೆ ಅಂಗಡಿಗಳು, ನಡುವೆ ಬಾಡಿಗೆ ರೂಮುಗಳು, ಮೇಲೆ ನಾವು, ನಮ್ಮ ತಲೆಯ ಮೇಲೆ ನೀರಿನ ಟ್ಯಾಂಕು ಮತ್ತು ಒಂದು ಶೀಟಿನ ಮನೆ. ಹೊಲ ಹೋಯಿತೆಂದು ಅತ್ತೆ ಕೊರಗಿದ್ದನ್ನು ನಾನು ಕಂಡಿಲ್ಲ. "ರಾಗಿ ಬೆಳೀತಿದ್ದೆ, ಈಗ ಬಾಡಿಗೆ ಬೆಳೀತೀನಿ. ಇದಕ್ಕೆ ಕಳೆ ಕೀಳೋದು ಇನ್ನೂ ಕಷ್ಟ" ಎನ್ನುತ್ತಿದ್ದರು.

ಆ ಮನೆಯಲ್ಲಿ ನಾನು ಮೊದಲು ಕಲಿತ ಪಾಠ ಒಂದೇ ಒಂದು ಪದದ್ದು. ಅಲ್ಲಿನ ಹಳಬರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹದ ಅದವಾಗುತ್ತದೆ. ನಮ್ಮ ಕಡೆ 'ಅದ' ಎಂದರೆ 'ಇದೆ' ಎಂದರ್ಥ. ಮದುವೆಯಾದ ವರ್ಷದ ದೀಪಾವಳಿ. ಅತ್ತೆ ಕಜ್ಜಾಯಕ್ಕೆ ಬೆಲ್ಲದ ಪಾಕ ಇಟ್ಟಿದ್ದರು. ಕೆಳಗೆ ಗೇಟಿನಲ್ಲಿ ಯಾರೋ ಕರೆದರು. "ಅದ ನೋಡ್ಕೊಳವ್ವ" ಎಂದು ಹೇಳಿ ಇಳಿದುಹೋದರು. ನಾನು ಪಾತ್ರೆಯನ್ನೇ ನೋಡುತ್ತಾ ನಿಂತೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕೂಗು: "ಭಾರ್ತೀ, ಅದ ಬಂತಾ?" ಪಾತ್ರೆ ಎಲ್ಲಿಗೆ ಹೋಗುತ್ತದೆ, ಒಲೆಯ ಮೇಲೇ ಇತ್ತು. "ಅದ ರೀ ಅತ್ತೆ, ಇಲ್ಲೇ ಅದ" ಎಂದೆ.

ಅವರು ಹತ್ತಿ ಬರುವಷ್ಟರಲ್ಲಿ ಆ ಪಾಕದಲ್ಲಿ ಗೋಡೆ ಕಟ್ಟಬಹುದಿತ್ತು. ಅತ್ತೆ ಬೈಯಲಿಲ್ಲ. ವಿಷಯ ಅರ್ಥವಾದ ಮೇಲೆ ನೆಲಕ್ಕೆ ಕೂತು ಕಣ್ಣೀರು ಬರುವಂತೆ ನಕ್ಕರು. ಆಮೇಲೆ ಒಬ್ಬ ಬಾಡಿಗೆದಾರನನ್ನೂ ಬಿಡದೆ ಹೇಳಿಕೊಂಡು ಬಂದರು. ಅಂದಿನಿಂದ ನಾನು ಮೊಬೈಲು ಕಾಣದೆ ಹುಡುಕಾಡಿದಾಗಲೆಲ್ಲ ಅವರದು ಒಂದೇ ಪ್ರಶ್ನೆ: "ಇಲ್ಲೇ ಅದಾ?"

ಕೆಳಗಿನ ಅಂಗಡಿಯೊಂದರಲ್ಲಿ ಹಾಸನ ಕಡೆಯ ರಂಗಣ್ಣ ಬೇಕರಿ ನಡೆಸುತ್ತಿದ್ದ. ಅತ್ತೆ ಮಹಡಿಯ ಮೇಲಿನಿಂದಲೇ ಅವನ ಬೇಕರಿಯ ಉಸ್ತುವಾರಿ ನೋಡುತ್ತಿದ್ದರು. ಮೂಗು ಹಿಗ್ಗಿಸಿ ಒಂದು ಸಲ ಗಾಳಿ ಎಳೆದುಕೊಂಡು "ರಂಗಣ್ಣ, ಕೆಳಗಿನ ತಟ್ಟೆ ಸೀಯ್ತೈತೆ ನೋಡು" ಎಂದು ಕೂಗಿದರೆ ಅದು ಸುಳ್ಳಾಗುತ್ತಿರಲಿಲ್ಲ. ಅವನು ಮೇನ್ ರೋಡಿನಲ್ಲಿ ದೊಡ್ಡ ಅಂಗಡಿ ಹಿಡಿದು ಹೋಗುವಾಗ ತನ್ನ ಹಳೆಯ ಸಣ್ಣ ಗ್ಯಾಸ್ ಓವನ್ನನ್ನು ಇವರಿಗೇ ಬಿಟ್ಟುಹೋದ. "ಇದರ ಅರ್ಧ ಕೆಲಸ ನೀವೇ ಮಾಡ್ತಿದ್ರಿ, ಇಟ್ಕೊಳ್ಳಿ ಅಮ್ಮ" ಎಂದನಂತೆ. ಅತ್ತೆ ಅದನ್ನು ಮೇಲಿನ ಶೀಟಿನ ಮನೆಗೆ ಹೊರಿಸಿದರು. ಓವನ್ ಎನ್ನುವುದು ಅವರ ಬಾಯಲ್ಲಿ 'ಅವನು' ಆಯಿತು. "ಅವನಿಗೆ ಇನ್ನೂ ಮೈ ಬೆಚ್ಚಗಾಗಿಲ್ಲ", "ಸುಮ್ಸುಮ್ನೆ ಅವನ ಬಾಯಿ ತೆಗೀಬ್ಯಾಡ್ರೋ" ಎಂದೆಲ್ಲ ಅವರು ಮಾತಾಡುವುದನ್ನು ಕೇಳಿ, ಹೊಸದಾಗಿ ಬಂದ ಬಾಡಿಗೆಯವರು ತೀರಿಹೋದ ನಮ್ಮ ಮಾವನ ವಿಷಯ ಎಂದುಕೊಂಡದ್ದೂ ಉಂಟು.

ಹೀಗೆ ನಮ್ಮ ಮನೆಯ ಶನಿವಾರಗಳು ಶುರುವಾದವು. ಮಗಳು ಸಿರಿ, ಅವಳಿಗಿಂತ ಚಿಕ್ಕವನಾದ ಗಗನ್, ಅಜ್ಜಿ, ಮತ್ತು ಅವನು. ಮಧ್ಯಾಹ್ನ ಊಟ ಮುಗಿಯುತ್ತಲೇ ಅತ್ತೆ ಖಾರ ಬನ್ನಿಗೆಂದು ಮೈದಾಕ್ಕೆ ಒಂದು ಹಿಡಿ ರಾಗಿ ಹಿಟ್ಟು ಬೆರೆಸಿ ನಾದಲು ಕೂರುತ್ತಿದ್ದರು. ರಾಗಿ ಸೇರದ ಹಿಟ್ಟು ಹಿಟ್ಟೇ ಅಲ್ಲ ಎಂಬುದು ಅತ್ತೆಯ ಸಿದ್ಧಾಂತ. ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚುವುದು ಸಿರಿ, ಕುಂಡದಿಂದ ಕರಿಬೇವು ಕಿತ್ತು ತರುವುದು, ಸಬ್ಬಸಿಗೆ ಸೊಪ್ಪು ಬಿಡಿಸುವುದು ಗಗನ್. ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿದ ಮೇಲೆ ತಾರಸಿಯ ನೆಲದಲ್ಲಿ ಸೀಮೆಸುಣ್ಣದ ಚೌಕಾಬಾರ. ಹಿಟ್ಟು ಉಬ್ಬಲು ಎಷ್ಟು ಹೊತ್ತು ಬೇಕೆಂದು ಕೇಳಿದರೆ "ನಾನು ಗೆಲ್ಲೋವರ್ಗೂ" ಎನ್ನುತ್ತಿದ್ದರು. ಗೆಲ್ಲಲು ಮೋಸವನ್ನೂ ಮಾಡುತ್ತಿದ್ದರು. ಅಜ್ಜಿ, ನೀನು ಕಾಯಿ ಸರಿಸಿದೆ ಎಂದು ಗಗನ್ ಕೂಗಿದರೆ, ಗಾಳಿ ಸರಿಸಿತೆಂದು ಮುಖ ಗಂಟಿಕ್ಕಿಕೊಂಡು ಹೇಳುತ್ತಿದ್ದರು.

ಖಾರ ಬನ್ನನ್ನು ಮಕ್ಕಳು ತಮಗೆ ತೋಚಿದಂತೆ ಮಾಡಬಹುದಿತ್ತು. ಗಗನ್‌ನದು ಯಾವಾಗಲೂ ಹಾವು. ಸಿರಿ ಜಡೆ ಹೆಣೆಯುತ್ತಿದ್ದಳು. ಗುಂಡಗೆ ಮಾಡಿ ಎಂದು ನಾನು ತಿದ್ದಲು ಹೋದರೆ ಅತ್ತೆ ನನ್ನನ್ನೇ ತಿದ್ದಿದರು: "ಒಟ್ಟೆಗೋದ್ಮೇಲೆ ಎಲ್ಲಾ ಒಂದೇ ಆಕಾರ. ಬುಡು." ತಟ್ಟೆ ಒಳಗೆ ಹೋದ ಮೇಲೆ ಅವರು ಗಡಿಯಾರ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಗೋಡೆಗೆ ಒರಗಿ ಕೂರುತ್ತಿದ್ದರು. ನಿದ್ದೆ ಹೋದರೇನೋ ಎನ್ನುವಷ್ಟರಲ್ಲಿ "ಅದ ಬಂತು, ತೆಗೀರಿ" ಎಂಬ ಅಪ್ಪಣೆ ಹೊರಡುತ್ತಿತ್ತು. ಮಕ್ಕಳು ಅದ ಎನ್ನುವುದು ಆ ವಾಸನೆಯ ಹೆಸರೆಂದೇ ತಿಳಿದಿದ್ದರು. ಬನ್ನಿಗೆ ಅದ ಎಂಬ ವಾಸನೆ ಇರುತ್ತದೆ ಎಂದು ಸಿರಿ ಸ್ಕೂಲಿನಲ್ಲಿ ಹೇಳಿ, ಅಂಥ ಪದವೇ ಇಲ್ಲ ಎನ್ನಿಸಿಕೊಂಡು ಬಂದಳು. ಅವಳಿಗೆ ಹಕಾರವನ್ನು ಹಿಂದಿರುಗಿಸಬೇಕು ಎಂದುಕೊಂಡೆ. ಆಮೇಲೆ ಬೇಡವೆನಿಸಿತು.

ಒಂದು ಮಳೆಗಾಲದಲ್ಲಿ ಅತ್ತೆಗೆ ಜ್ವರ ಬಂತು. ಜ್ವರ ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು. ಅವರು ಯಾರಿಗೂ ಹೇಳಲಿಲ್ಲ. ಬನ್ನುಗಳು ಒಂದು ವಾರ ಕಪ್ಪಾದವು, ಇನ್ನೊಂದು ವಾರ ಒಳಗೆ ಹಸಿಯಾಗಿ ಉಳಿದವು, ಅವರು ಅವನನ್ನು ಬೈದರು. ಆಗಷ್ಟೇ ಸ್ನಾನ ಮಾಡಿ ಬಂದ ಗಗನ್‌ನ ತಲೆ ಮೂಸಿ, ಬೆವರು ನಾರುತ್ತೀಯ ಹೋಗು ಎಂದರು. ವಯಸ್ಸಾಯಿತು ಎಂದುಕೊಂಡೆನೇ ಹೊರತು ನನಗೆ ಬೇರೇನೂ ಹೊಳೆಯಲಿಲ್ಲ.

ಆಮೇಲಿನ ಒಂದು ಶನಿವಾರ ಒಗೆದ ಬಟ್ಟೆ ಹೊತ್ತುಕೊಂಡು ತಾರಸಿಗೆ ಹತ್ತಿದೆ. ಶೀಟಿನ ಮನೆಯ ಬಾಗಿಲಲ್ಲಿ ಅತ್ತೆ ಬೆಂಕಿಪೊಟ್ಟಣ ಹಿಡಿದು ಬಗ್ಗಿದ್ದರು. ಗಾಳಿಗೆ ಓವನ್ನಿನ ಉರಿ ಆರಿಹೋಗಿತ್ತು, ಗ್ಯಾಸು ಮಾತ್ರ ಬರುತ್ತಲೇ ಇತ್ತು. ಸಿರಿ ಅವರ ಮುಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ಅಜ್ಜಿ, ಬೇಡ. ಗ್ಯಾಸ್ ವಾಸನೆ ಬರ್ತಿದೆ." ಆ ವಾಸನೆ ಮೆಟ್ಟಿಲಿನ ತುದಿಯಲ್ಲಿದ್ದ ನನಗೂ ಬಡಿಯಿತು. ಬಟ್ಟೆ ಅಲ್ಲೇ ಬಿಸಾಡಿ ಓಡಿಹೋಗಿ ಸಿಲಿಂಡರ್ ಆಫ್ ಮಾಡಿದೆ, ಮಕ್ಕಳನ್ನು ಹೊರಗೆಳೆದೆ. ಅತ್ತೆ ಕಡ್ಡಿಯನ್ನು ಪೊಟ್ಟಣಕ್ಕೆ ಹಾಕಿ, ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು: "ಅಷ್ಟ್ ಜೋರಾಗ್ ಬರ್ತೈತಾ?"

ಆಗ ನನಗೆ ಎಲ್ಲವೂ ಅರ್ಥವಾಯಿತು.

ಡಾಕ್ಟರು ಪರೀಕ್ಷೆ ಮಾಡಿ, ವಾಸನೆ ವಾಪಸ್ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ಆ ಓವನ್ ಗುಜರಿಗೆ ಹೋಗಬೇಕು, ಮಕ್ಕಳು ಇನ್ನು ಆ ಶೀಟಿನ ಮನೆಗೆ ಹತ್ತಕೂಡದು ಎಂದು ಮಂಜುನಾಥ ಹೇಳಿಬಿಟ್ಟರು. ನನ್ನ ಮಾತೂ ಅದೇ ಆಗಿತ್ತು. ಮಕ್ಕಳ ಪ್ರಾಣಕ್ಕಿಂತ ಬನ್ನು ಹೆಚ್ಚಲ್ಲ. ಅತ್ತೆ ಮುದ್ದೆ ಮುರಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಊಟ ಮುಗಿಸಿ, ಕೈ ತೊಳೆದು ಬಂದು ಮಗನ ಎದುರು ಕೂತರು.

"ಅವನ್ನ ಕೊಟ್ಬುಡು. ಗ್ಯಾಸ್ ಮುಟ್ಟಾಕಿಲ್ಲ ನಾನು. ಆದ್ರೆ ನನ್ ಸನಿವಾರ ಕೊಡಾಕಿಲ್ಲ" ಎಂದರು. "ಮೂಗು ಓಯ್ತು. ಅದ ಓಗಿಲ್ಲ."

ಆ ಮಾತಿನ ಗತ್ತಿಗೆ ಮಂಜುನಾಥ ಸೋತರು. ಅವನು ಗುಜರಿಗೆ ಹೋದ, ಕರೆಂಟಿನ ಓವನ್ ಬಂತು. ಅದಕ್ಕೆ ಅತ್ತೆ 'ಇವನು' ಎಂದು ಹೆಸರಿಟ್ಟರು. ಇವನಿಗೆ ಅಂಕಿಗಳಿದ್ದವು, ಗಂಟೆಯಿತ್ತು, ಹೊತ್ತಾದರೆ ತಾನೇ ಆರಿಕೊಳ್ಳುವ ಬುದ್ಧಿಯಿತ್ತು. ಹಿಟ್ಟು ಎಷ್ಟು ಉಬ್ಬಿದೆ, ರಾಗಿ ಎಷ್ಟು ಬಿದ್ದಿದೆ ಎಂಬುದು ಮಾತ್ರ ಇವನಿಗೆ ಬೇಕಿರಲಿಲ್ಲ. ಗಂಟೆ ಹೊಡೆದಾಗ ತೆಗೆದ ಬನ್ನುಗಳನ್ನು ಮಕ್ಕಳು ಅಜ್ಜಿಯ ಮುಖ ನೋಡಿಕೊಂಡು ತಿಂದರು. ಮುಂದಿನ ವಾರ ಗಗನ್ ಅರ್ಧ ತಿಂದು ಟ್ಯಾಬ್ ಕೇಳಿದ. ಉಳಿಸಿಕೊಂಡಿದ್ದ ಶನಿವಾರ ಹೀಗೆ ಕೈಜಾರುತ್ತಿತ್ತು.

ಅತ್ತೆ ಸುಮ್ಮನೆ ಬಿಡುವ ಹೆಂಗಸಲ್ಲ. ಅದರ ಮುಂದಿನ ಶನಿವಾರ ತಟ್ಟೆ ಒಳಗಿಟ್ಟು, ಮೊಮ್ಮಕ್ಕಳಿಬ್ಬರನ್ನೂ ಇವನ ಆ ಕಡೆ ಈ ಕಡೆ ಕೂರಿಸಿದರು. "ಇವನಿಗೆ ಮೂಗಿಲ್ಲ, ನನಗೂ ಇಲ್ಲ. ನಿಮಗೈತೆ. ಏನ್ ವಾಸ್ನೆ ಬರ್ತೈತೆ ಏಳಿ."

ಚೆನ್ನಾಗಿದೆ ಎಂದಳು ಸಿರಿ. ಚೆನ್ನಾಗಿರುವುದು ವಾಸನೆಯಲ್ಲ, ಯಾವುದರ ಥರ ಇದೆ ಹೇಳು ಎಂದು ಅತ್ತೆ ಗದರಿದರು. ಸಿರಿ ಯೋಚಿಸಿ, ಮಳೆ ಬಂದ ಮೇಲಿನ ಸ್ಕೂಲ್ ಗ್ರೌಂಡ್ ಥರ ಎಂದಳು. ಹಾಗಾದರೆ ಇನ್ನೂ ಹಸಿ ಎಂದರು ಅತ್ತೆ. ಸ್ವಲ್ಪ ಹೊತ್ತಿಗೆ ಗಗನ್, ಹೊಸ ಶೂ ಡಬ್ಬಿ ಥರ ಎಂದ. ಅತ್ತೆ ಹಣೆ ಚಚ್ಚಿಕೊಂಡರು, ಆದರೂ ಅದನ್ನು ತಲೆಯಲ್ಲಿಟ್ಟುಕೊಂಡರು. ಆಮೇಲೆ ಸಿರಿಗೆ ಅಮ್ಮನ ಇಸ್ತ್ರಿ ಸೀರೆಯ ವಾಸನೆ ಬಂತು. "ಇಸ್ತ್ರಿ ಅಂದ್ರೆ ಮೇಲ್ಗಡೆ ಬಣ್ಣ ತಿರುಗ್ತಾ ಐತೆ. ಇನ್ನೊಂಚೂರು" ಎಂದರು. ಮಕ್ಕಳಿಬ್ಬರೂ ಉಸಿರು ಬಿಗಿಹಿಡಿಯುವುದನ್ನೂ ಮೂಸುವುದನ್ನೂ ಒಟ್ಟಿಗೆ ಮಾಡಲು ಹೋಗಿ ಕೆಮ್ಮಿದರು. ಕೊನೆಗೆ ಗಗನ್ ಗೊಂದಲದಿಂದ ಅಜ್ಜಿಯ ಕಡೆ ತಿರುಗಿದ.

"ಈಗ ಯಾವ್ದರ ಥರಾನೂ ಇಲ್ಲ ಅಜ್ಜಿ."

"ಅದೇ ಅದ" ಎಂದರು ಅತ್ತೆ. "ತೆಗೀರಿ."

ಆ ದಿನದ ಬನ್ನನ್ನು ನಾನು ಮರೆತಿಲ್ಲ. ಮುರಿದರೆ ಒಳಗೆ ನೂಲುನೂಲಾಗಿ ಬಿಟ್ಟುಕೊಂಡಿತು. ಅತ್ತೆಯ ನಾಲಿಗೆಗೆ ಉಪ್ಪು, ಖಾರ ಬಿಟ್ಟು ಹೆಚ್ಚೇನೂ ತಿಳಿಯುತ್ತಿರಲಿಲ್ಲ. ಅವರು ಬನ್ನು ತಿನ್ನುವ ಮಕ್ಕಳ ಬಾಯನ್ನೇ ನೋಡುತ್ತಾ ಕೂತಿದ್ದರು. ಅವರ ಮೂಗು ಕೊನೆಯವರೆಗೂ ಹಿಂದಿರುಗಲಿಲ್ಲ. ಆದರೂ ಮಕ್ಕಳ ತಲೆ ಮೂಸುವುದನ್ನು ಬಿಡಲಿಲ್ಲ. ಏನೂ ತಿಳಿಯದಿದ್ದರೂ ಯಾಕೆ ಮೂಸುತ್ತೀರಿ ಎಂದು ಒಮ್ಮೆ ಕೇಳಿಬಿಟ್ಟೆ. ನೆನಪಿದೆಯಲ್ಲ, ಸಾಕು ಎಂದರು. ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ಬಂದಷ್ಟು ಪ್ರೀತಿ ನನ್ನ ಹೆತ್ತ ತಾಯಿಯ ಮೇಲೂ ಬಂದಿದ್ದಿಲ್ಲ.

ಆಮೇಲೆ ಮಂಡಿ ಕೈಕೊಟ್ಟು ತಾರಸಿಗೆ ಹತ್ತಲಾಗದಾಯಿತು. ಓವನ್ನನ್ನು ಅಡುಗೆಮನೆಗೆ ಇಳಿಸೋಣ ಎಂದೆ. "ನಾನ್ ಇಳಿದ್ರೆ ಇವನ್ಯಾಕ್ ಇಳೀಬೇಕು" ಎಂದು, ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಮೇಲಿನಿಂದ ಮಕ್ಕಳು ಸ್ಕೂಲ್ ಗ್ರೌಂಡ್, ಶೂ ಡಬ್ಬಿ, ಇಸ್ತ್ರಿ ಸೀರೆ ಎಂದು ಕೂಗುತ್ತಿದ್ದರು, ಕೆಳಗಿನಿಂದ ಇವರು ಅಪ್ಪಣೆ ಕೊಡುತ್ತಿದ್ದರು. ಇಸ್ತ್ರಿ ಸೀರೆ ಕಿವಿಗೆ ಬಿದ್ದರೆ ಸಾಕು, ರೂಮುಗಳ ಹೆಂಗಸರು ತಟ್ಟೆ ಹಿಡಿದು ಹೊರಗೆ ಬರುತ್ತಿದ್ದರು. ಅಂಥದ್ದೇ ಒಂದು ಶನಿವಾರ ಅತ್ತೆ ನನ್ನನ್ನೂ ಮೇಲಕ್ಕೆ ಕಳಿಸಿದರು. ಪಾಕವನ್ನು ಕಲ್ಲು ಮಾಡಿದವಳನ್ನು ಯಾಕೆ ಕಳಿಸುತ್ತೀರಿ ಎಂದು ತಮಾಷೆ ಮಾಡಿದೆ. "ಅದ್ಕೇ ಕಳಿಸ್ತಿರೋದು. ನಿನಗೂ ಗೊತ್ತಾಗ್ಲಿ" ಎಂದರು. ಅದೇ ಕೊನೆಯ ಶನಿವಾರವಾಯಿತು. ವಾರದ ನಡುವೆ ಮಧ್ಯಾಹ್ನ ಮಲಗಿದವರು ಏಳಲಿಲ್ಲ.

ಅವರು ಹೋಗಿ ವರ್ಷ ಕಳೆದು ಈ ಸಲ ಪಿತೃಪಕ್ಷ ಬಂತು. ಮಾವನ ಹೆಸರಿನ ಜೊತೆ ಈಗ ಅತ್ತೆಗೂ ಎಡೆ. ಅವರಿಗೆ ಇಷ್ಟವಾದ ಮಟನ್ ಸಾರು, ಮುದ್ದೆ, ಕಜ್ಜಾಯ, ಎಲೆ ಅಡಿಕೆ ಎಲ್ಲ ಆಯಿತು. ಖಾರ ಬನ್ ಇಲ್ಲದೆ ಅಜ್ಜಿ ಬರುವುದಿಲ್ಲ ಎಂದು ಮಕ್ಕಳು ಹಟ ಹಿಡಿದರು. ಎಡೆಗೆ ಬನ್ ಇಡುವುದುಂಟೇ ಎಂದ ನೆಂಟರ ಮಾತನ್ನು ಸಿರಿ ಕಿವಿಗೇ ಹಾಕಿಕೊಳ್ಳಲಿಲ್ಲ. ತಾನೇ ಹಿಟ್ಟು ನಾದಿದಳು, ಗಗನ್ ಒಂದು ಹಾವು ಮಾಡಿದ. ಆದರೆ ಗಗನ್‌ಗೆ ನೆಗಡಿಯಾಗಿ ಮೂಗು ಕಟ್ಟಿತ್ತು, ಸಿರಿ ಕೆಳಗೆ ಬಾಳೆಲೆ ಹಾಸಬೇಕಿತ್ತು. ಇವನ ಮುಂದೆ ನಾನೊಬ್ಬಳೇ ಕೂತೆ.

ಮೊದಲು ಒದ್ದೆ ಮಣ್ಣು ಬಂತು. ಶೂ ಡಬ್ಬಿಯೂ ಬಂತು, ಗಗನ್ ಸುಳ್ಳು ಹೇಳಿರಲಿಲ್ಲ. ನನ್ನದೇ ಇಸ್ತ್ರಿ ಸೀರೆ ಬಂತು. ನಾನು ಕಣ್ಣು ಮುಚ್ಚಿ ಗೋಡೆಗೆ ಒರಗಿದೆ. ಆಮೇಲೆ ಬಂದದ್ದು ಯಾವುದರ ಹಾಗೂ ಇರಲಿಲ್ಲ.

ಕೆಳಗೆ ಮೆಟ್ಟಿಲ ಬುಡದಿಂದ, ಅತ್ತೆಯ ಕುರ್ಚಿ ಇದ್ದ ಜಾಗದಿಂದ ಸಿರಿ ಕೂಗಿದಳು: "ಅಮ್ಮಾ, ಅದ ಬಂತಾ?"

ಇಷ್ಟು ವರ್ಷ ಬೆಂಗಳೂರಿನ ಕನ್ನಡವಾಡಿ ಪಳಗಿದ ನಾಲಿಗೆ ನನ್ನದು. ಆ ಹೊತ್ತಿಗೆ ಮಾತ್ರ ನನ್ನ ತವರಿನ ಮಾತೇ ಬಾಯಿಗೆ ಬಂತು.

"ಅದ" ಎಂದೆ. "ಇಲ್ಲೇ ಅದ."